ಚನ್ನಾಜಮ್ಮನ ಮೂಗಿಗೆ ಸಿಗದ ವಾಸನೆ

ನಂಜನಗೂಡಿನ ಹತ್ತಿರದ ಹದಿನಾರು ಎಂಬ ಊರಿನಲ್ಲಿ ಚನ್ನಾಜಮ್ಮನ ಮೂಗಿನ ಬಗ್ಗೆ ಎರಡು ಮಾತಿರಲಿಲ್ಲ. ನಡುಮನೆಯಲ್ಲಿ ಕೂತೇ ಅಡುಗೆಮನೆಯ ಹಾಲು ಕೆಟ್ಟಿದ್ದನ್ನು ಹೇಳುವವಳು ಅವಳು. ಪಕ್ಕದ ಮನೆಯ ರಾಚಮ್ಮ ಬೆಣ್ಣೆ ತಂದರೆ ಮೊದಲು ಇವಳ ಮೂಗಿಗೆ ಹಿಡಿದು, ಇವಳು ತಲೆಯಾಡಿಸಿದ ಮೇಲೆಯೇ ಒಲೆಗೆ ಇಡುತ್ತಿದ್ದಳು. ಯಾರ ಮನೆಯ ಸಾರಿಗೆ ಯಾವ ಸೊಪ್ಪು ಬಿದ್ದಿದೆ, ಯಾವ ಗಂಡಸು ಕುಡಿದು ಬಂದು ಏಲಕ್ಕಿ ಅಗಿದಿದ್ದಾನೆ, ಎಲ್ಲವೂ ಆ ಮೂಗಿಗೆ ಗೊತ್ತು. ಹೇಳಬೇಕಾದ್ದನ್ನೂ ಹೇಳಬಾರದ್ದನ್ನೂ ಹೇಳಿಬಿಡುವ ಬಾಯಿಯೂ ಅದರ ಕೆಳಗೇ ಇತ್ತು. ಇಂಥವಳ ಮನೆಯ ಕೂಸಿನ ಬಾಯಿ ನಾರುತ್ತದೆ ಎಂದು ಸ್ಕೂಲಿನಿಂದ ಸುದ್ದಿ ಬಂದರೆ ಹೇಗಾಗಿರಬೇಡ.

ಸುದ್ದಿ ತಂದವಳು ಸೊಸೆ ಶ್ವೇತ. ಊರಿನ ಹಾಲಿನ ಡೈರಿಯಲ್ಲಿ ಅವಳಿಗೆ ಕೆಲಸ. ಬೆಳಗಿನ ಹಾಲು ಹಾಕಿಸಿಕೊಂಡು ಮನೆಗೆ ಬರುವಾಗ ವನಜಾಕ್ಷಿ ಮೇಡಂ ಸ್ಕೂಲಿನ ಗೇಟಿನ ಹತ್ತಿರ ಅವಳನ್ನು ಪಕ್ಕಕ್ಕೆ ಕರೆದಿದ್ದರು. ಸಂಕ್ರಾಂತಿ ಕಳೆದಾಗಿನಿಂದ ಮಕ್ಕಳು ನಿಮ್ಮ ಬಿಂದುಶ್ರೀ ಪಕ್ಕ ಕೂರುತ್ತಿಲ್ಲ, ಬಾಯಿವಾಸನೆ ಎನ್ನುತ್ತಿವೆ, ತಪ್ಪು ತಿಳಿಯಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದಿದ್ದರು. ಎರಡನೇ ಕ್ಲಾಸಿನ ಹುಡುಗಿ. ಮುಂದಿನ ಬೆಂಚಿನಲ್ಲಿದ್ದವಳು ತಾನಾಗಿಯೇ ಹಿಂದಿನ ಬೆಂಚಿಗೆ ಹೋಗಿಬಿಟ್ಟಿದ್ದಳು. ಪ್ರಶ್ನೆ ಕೇಳಿದರೆ ಬಾಯಿ ಬಿಡದೆ ತಲೆಯಾಡಿಸುತ್ತಾಳಂತೆ. ಮನೆಯಲ್ಲೂ ಅಷ್ಟೆ. ಎದ್ದಾಗಿನಿಂದ ಮಲಗುವವರೆಗೆ ವಟವಟ ಎನ್ನುತ್ತಿದ್ದವಳು ಈಚೆಗೆ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದಳು. ಇದನ್ನೆಲ್ಲ ಹೇಳುವಾಗ ಶ್ವೇತಳ ಕಣ್ಣಲ್ಲಿ ನೀರಿತ್ತು.

ಚನ್ನಾಜಮ್ಮನಿಗೆ ಮೊದಲು ಮೇಡಂ ಮೇಲೆ ಸಿಟ್ಟು ಬಂತು, ಆಮೇಲೆ ಆ ಮಕ್ಕಳ ಮೇಲೆ, ಅದಾದ ಮೇಲೆ ರೂಢಿಯಂತೆ ಸೊಸೆಯ ಮೇಲೆ. ಬೆಳಗಾಗೆದ್ದು ಡೈರಿಗೆ ಓಡುವ ತಾಯಿಗೆ ಮಗಳ ಹಲ್ಲುಜ್ಜಿಸಲು ಪುರಸೊತ್ತೆಲ್ಲಿದೆ ಎಂದಳು. ಸಂಜೆ ಸ್ಕೂಲು ಬಿಟ್ಟು ಬಂದ ಕೂಸನ್ನು ಜಗಲಿಯಲ್ಲಿ ನಿಲ್ಲಿಸಿಕೊಂಡು, ಗಲ್ಲ ಹಿಡಿದು ಮುಖ ಎತ್ತಿದಳು.

"ಆ ಅನ್ನು ಮಗ."

ಬಿಂದುಶ್ರೀ ಅಂದಳು. ಚನ್ನಾಜಮ್ಮ ಮೂಗನ್ನು ಹತ್ತಿರಕ್ಕೆ ಒಯ್ದಳು. ಹೂವು ಕೊಳೆತ ನೀರಿನಂಥ ವಾಸನೆ. ಸುಳ್ಳಲ್ಲ. ಮೇಡಂ ಮೇಲಿನ ಸಿಟ್ಟು ಹಾಗೇ ಇಳಿದುಹೋಯಿತು. ದಿನಾ ಸಂಜೆ ತನ್ನ ತೊಡೆಯ ಮೇಲೇ ಕೂರುವ ಕೂಸಿನ ವಾಸನೆ ಇಷ್ಟು ದಿನ ತನಗೇಕೆ ಗೊತ್ತಾಗಲಿಲ್ಲ ಎಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಆ ತೊಡೆಯ ವಿಷಯ ಇಲ್ಲಿ ಹೇಳಿಬಿಡಬೇಕು. ಚನ್ನಾಜಮ್ಮ ಆ ವರ್ಷ ನಂಜುಂಡೇಶ್ವರನಿಗೆ ಲಕ್ಷಬತ್ತಿಯ ಹರಕೆ ಹೊತ್ತಿದ್ದಳು. ಒಂದು ಲಕ್ಷ ಹೂಬತ್ತಿಯನ್ನು ತನ್ನ ಕೈಯಾರೆ ಹೊಸೆದು, ತುಪ್ಪದಲ್ಲಿ ನೆನೆಸಿ, ಶಿವರಾತ್ರಿಗೆ ಹಚ್ಚಬೇಕು. ದೀಪಾವಳಿ ಕಳೆದ ಮೇಲೆ ಶುರು ಮಾಡಿದ್ದಳು. ಸಂಜೆ ದೇವರ ದೀಪ ಹಚ್ಚಿ ಜಗಲಿಗೆ ಬಂದು ಹತ್ತಿ ಬಿಡಿಸಿಕೊಂಡು ಕೂತರೆ ಬಿಂದುಶ್ರೀ ತೊಡೆಯೇರಿ ಬೆನ್ನು ಒರಗಿಸಿ ಕೂರುತ್ತಿದ್ದಳು. ಅಜ್ಜಿಯ ಕೈ ಬತ್ತಿ ಹೊಸೆಯುತ್ತಿತ್ತು, ಬಾಯಿ ಕತೆ ಹೇಳುತ್ತಿತ್ತು, ಕೂಸು ನೂರು ನೂರು ಎಣಿಸಿ ಡಬ್ಬಕ್ಕೆ ಹಾಕುತ್ತಿತ್ತು. ಇಡೀ ದಿನದಲ್ಲಿ ಚನ್ನಾಜಮ್ಮ ಯಾರನ್ನೂ ಬೈಯದೆ ಇರುತ್ತಿದ್ದುದು ಅದೊಂದು ಗಂಟೆ.

ಇನ್ನೊಂದು ವಿಷಯವೂ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಸರಾ ಹೊತ್ತಿಗೆ ಅವಳ ಎಡದವಡೆಯ ಹಲ್ಲೊಂದು ಹುಳುಕು ಹಿಡಿದು ನೋಯತೊಡಗಿತ್ತು. ಮಗ ನಂಜೇಶನಿಗೆ ಗೊತ್ತಾದರೆ ಕೀಳಿಸೋಣ ನಡಿ ಎನ್ನುತ್ತಾನೆ. ಇಕ್ಕಳದ ಹೆಸರು ಕೇಳಿದರೇ ಆಗದ ಚನ್ನಾಜಮ್ಮ ಸೊಂಟದ ಸಂಚಿಯಿಂದ ಒಂದು ಚಿಟಿಕೆ ಕಡ್ಡಿಪುಡಿ ತೆಗೆದು ಆ ಹಲ್ಲಿನ ತೂತಿಗೆ ಒತ್ತಿಕೊಳ್ಳುತ್ತಿದ್ದಳು. ಹೊಗೆಸೊಪ್ಪಿನ ಖಾರಕ್ಕೆ ನೋವು ಜೋಂಪು ಹಿಡಿಯುತ್ತಿತ್ತು. ಎಲೆ ಅಡಿಕೆಗೆ ದಿನಕ್ಕೆ ನಾಲ್ಕು ಸಲ ಹಾಕುತ್ತಿದ್ದ ಕಡ್ಡಿಪುಡಿ ಈಗ ಹತ್ತು ಸಲಕ್ಕೆ ಏರಿತ್ತು.

ಶಿವರಾತ್ರಿಯ ದೀಪ ಹಚ್ಚುವುದರೊಳಗೆ ಕೂಸಿನ ಬಾಯಿ ನೆಟ್ಟಗಾಗಬೇಕು, ಕೂಸು ಮುಂದಿನ ಬೆಂಚಿಗೆ ಬರಬೇಕು ಎಂದು ಚನ್ನಾಜಮ್ಮ ಪಣ ತೊಟ್ಟಳು. ಬೆಳಿಗ್ಗೆ ಹಲ್ಲುಪುಡಿ, ಸಂಜೆ ಬೇವಿನ ಕಡ್ಡಿ. ತಾಮ್ರದ ಪಟ್ಟಿಯಲ್ಲಿ ನಾಲಿಗೆ ಎಷ್ಟು ಉಜ್ಜಿದಳೆಂದರೆ ಕೂಸಿಗೆ ಎರಡು ದಿನ ಸಾರು ಉರಿಯಾಯಿತು. ಹೊಟ್ಟೆಯಲ್ಲಿ ಹುಳು ಇರಬೇಕೆಂದು ಮಾತ್ರೆ ನುಂಗಿಸಿದ್ದಾಯಿತು, ದೃಷ್ಟಿ ತೆಗೆದದ್ದೂ ಆಯಿತು. ಊಟವಾದ ಮೇಲೆ ಲವಂಗ ಬಾಯಿಗಿಟ್ಟು ಎದುರಿಗೇ ಕೂತು ಅಗಿಸುತ್ತಿದ್ದಳು. ಬಿಂದುಶ್ರೀ ಒಂದಕ್ಕೂ ಬೇಡ ಎನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಲವಂಗ ಅಗಿಯುತ್ತಿದ್ದ ಆ ಮುಖ ನೋಡಿ ಚನ್ನಾಜಮ್ಮ ತಾನೇ ನೀರಿನ ಲೋಟ ತಂದು ಹಿಡಿಯುತ್ತಿದ್ದಳು. ವಾಸನೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಕೊನೆಗೆ ನಂಜೇಶ ಟಿ. ನರಸೀಪುರದಲ್ಲಿ ತನ್ನ ಬೀಜ-ಗೊಬ್ಬರದ ಅಂಗಡಿಯ ಮೇಲೇ ಇದ್ದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಅಜ್ಜಿ ಮೊಮ್ಮಗಳನ್ನು ಕಳಿಸಿದ. ಡಾಕ್ಟರಮ್ಮ ಲೈಟು ಬಿಟ್ಟು, ಪುಟ್ಟ ಕನ್ನಡಿ ಹಿಡಿದು ಮೂಲೆ ಮೂಲೆ ನೋಡಿದರು. ಹಲ್ಲು ಚೆನ್ನಾಗಿವೆ, ವಸಡು ಚೆನ್ನಾಗಿದೆ, ನಾಲಿಗೆಯನ್ನು ಮಾತ್ರ ಇನ್ನು ಮೇಲೆ ಇಷ್ಟೊಂದು ಉಜ್ಜಬೇಡಿ ಎಂದರು. ಮಕ್ಕಳ ಬಾಯಿ ನಾರುವುದಕ್ಕೆ ಹಲ್ಲೊಂದೇ ಕಾರಣವಲ್ಲವಂತೆ. ನೀರು ಕುಡಿಯದೆ ಬಾಯಿ ಒಣಗಿದರೂ ಬರಬಹುದು, ಗಂಟಲಿನ ಟಾನ್ಸಿಲ್ ಗೆಡ್ಡೆಯ ಸಂದಿಯಲ್ಲಿ ಅಗುಳು ಸಿಕ್ಕಿದರೂ ಬರಬಹುದು, ಮೂಗಿನ ತೊಂದರೆಯಿಂದಲೂ ಬರಬಹುದು. ಬಾಯಿ ಬಿಟ್ಟುಕೊಂಡು ಮಲಗುತ್ತಾಳಾ ಎಂದು ಕೇಳಿದರು. ಹೌದು, ಈಚೆಗೆ ಹಾಗೇ ಮಲಗುತ್ತಾಳೆ ಎಂದಳು ಚನ್ನಾಜಮ್ಮ. ಹಾಗಾದರೆ ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟ ಡಾಕ್ಟರಮ್ಮ, ಚನ್ನಾಜಮ್ಮನ ಎಡಗೆನ್ನೆಯನ್ನೇ ನೋಡುತ್ತ ಹೇಳಿದರು:

"ಅಜ್ಜಿ, ಬಂದಿದ್ದೀರಲ್ಲ, ನೀವೂ ಒಂದ್ಸಲ ಕೂತ್ಕೊಳಿ. ನಿಮ್ಮ ಬಾಯೂ ನೋಡ್ಬಿಡ್ತೀನಿ."

"ನಂಗೇನಾಗದೆ. ನಾನು ಬಂದಿರೋದು ಕೂಸಿಗೆ," ಎಂದು ಚನ್ನಾಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಬಿಂದುಶ್ರೀ ಡಾಕ್ಟರಮ್ಮನನ್ನೊಮ್ಮೆ ಅಜ್ಜಿಯನ್ನೊಮ್ಮೆ ನೋಡಿ ಹಿಂದೆಯೇ ಇಳಿದಳು.

ಬಸ್ಸಿನಲ್ಲಿ ಬರುವಾಗ ಚನ್ನಾಜಮ್ಮನಿಗೆ ಕಾರಣ ಹೊಳೆದುಬಿಟ್ಟಿತು. ಮೂಗೂ ಅಲ್ಲ ಗಂಟಲೂ ಅಲ್ಲ, ಮೊಟ್ಟೆ. ಸ್ಕೂಲಿನ ಬಿಸಿಯೂಟದಲ್ಲಿ ತಿನ್ನುವವರಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಲಿಂಗ ಕಟ್ಟಿದ ಮನೆಯವರು ನಾವು ಎಂದು ಚನ್ನಾಜಮ್ಮ ತಾನೇ ಸ್ಕೂಲಿಗೆ ಹೋಗಿ ಬಾಳೆಹಣ್ಣು ಅಂತ ಬರೆಸಿ ಬಂದಿದ್ದಳು. ಆದರೆ ಈಚೆಗೆ ಬಿಂದುಶ್ರೀ ಬಾಯಲ್ಲಿ ಬರೀ ಕೋಮಲ, ಕೋಮಲ. ಕೆಳಗಿನ ಬೀದಿಯ ಚಲುವಮ್ಮನ ಮೊಮ್ಮಗಳು ಆ ಕೋಮಲ. ಅವಳ ತಟ್ಟೆಯ ಮೊಟ್ಟೆಗೆ ಇವಳು ಬಾಯಿ ಹಾಕುತ್ತಿದ್ದಾಳೆ, ಅದೇ ನಾರುತ್ತಿದೆ. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದವಳಿಗೆ ಮೊಟ್ಟೆ ತಿಂದ ಬಾಯಿಯ ವಾಸನೆ ಹೇಗೆ ಗೊತ್ತು ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರಮ್ಮನ ಚೀಟಿ ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿತು.

ಮಾರನೆಯ ದಿನ ಮಧ್ಯಾಹ್ನ ಬೆಲ್ಲು ಹೊಡೆಯುವ ಹೊತ್ತಿಗೆ ಚನ್ನಾಜಮ್ಮ ಸ್ಕೂಲಿನ ಕಂಬದ ಮರೆಯಲ್ಲಿದ್ದಳು. ವರಾಂಡದಲ್ಲಿ ಮಕ್ಕಳು ಸಾಲಾಗಿ ತಟ್ಟೆ ಇಟ್ಟುಕೊಂಡು ಕೂತಿದ್ದವು. ಬಿಂದುಶ್ರೀ ಸಾಲಿನ ಕೊನೆಯಲ್ಲಿದ್ದಳು. ಅವಳಿಗೂ ಉಳಿದ ಮಕ್ಕಳಿಗೂ ನಡುವೆ ಇನ್ನೂ ನಾಲ್ಕು ಮಕ್ಕಳು ಕೂರುವಷ್ಟು ಜಾಗ ಖಾಲಿ ಇತ್ತು. ಕೇಳಿ ತಿಳಿದದ್ದೇ ಬೇರೆ, ಕಣ್ಣಾರೆ ಕಂಡದ್ದೇ ಬೇರೆ. ಬಿಂದುಶ್ರೀಗೆ ಒತ್ತಿಕೊಂಡು ಕೂತಿದ್ದವಳು ಒಬ್ಬಳೇ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ ಹುಡುಗಿ. ಅವಳು ಮೊಟ್ಟೆ ಸುಲಿದು ತಿಂದಳು. ಇವಳು ಬಾಳೆಹಣ್ಣು ಸುಲಿದು ತಿಂದಳು. ಒಬ್ಬರ ತಟ್ಟೆಗೆ ಒಬ್ಬರು ಕೈ ಹಾಕಲಿಲ್ಲ.

ಬಂದ ಮೇಲೆ ಸುಮ್ಮನೆ ಹಿಂದಿರುಗುವ ಜಾಯಮಾನ ಅವಳದಲ್ಲ. ಊಟ ಮುಗಿಸಿ ತಟ್ಟೆ ತೊಳೆಯಲು ಬಂದ ಕೋಮಲಳನ್ನು ನಲ್ಲಿಯ ಹತ್ತಿರ ಹಿಡಿದು, ನಮ್ಮ ಕೂಸಿಗೆ ಮೊಟ್ಟೆ ಕೊಡುತ್ತೀಯಾ ಎಂದು ಕೇಳಿಯೇಬಿಟ್ಟಳು. ಕೋಮಲ ಹೆದರಲಿಲ್ಲ.

"ಇಲ್ಲಜ್ಜಿ, ಅವ್ಳು ಮುಟ್ಟಾಕಿಲ್ಲ. ನಾನೂ ಕೊಡಾಕಿಲ್ಲ," ಎಂದಳು. ತಟ್ಟೆಯ ನೀರು ಕೊಡವಿ, ಸ್ವಲ್ಪ ಯೋಚಿಸಿ, "ವಾಸ್ನೆಗೆ ಕೇಳ್ತಿದ್ದೀಯಾ? ಅದು ಬಾಯಿಂದಲ್ಲ ಕಣಜ್ಜಿ, ಮೂಗಿಂದು. ಈ ಕಡೆ ಮೂಗಿಂದು," ಎಂದು ತನ್ನ ಎಡಮೂಗು ಮುಟ್ಟಿ ತೋರಿಸಿದಳು. "ಅವ್ಳ ಈ ಪಕ್ಕ ಕೂತ್ರೆ ಬತ್ತದೆ. ಆ ಪಕ್ಕ ಕೂತ್ರೆ ಅಷ್ಟ್ ಬರಾಕಿಲ್ಲ. ಅದ್ಕೆ ನಾನು ಆ ಪಕ್ಕ ಕೂತ್ಕತೀನಿ."

ಕ್ಲಾಸಿನ ಮಕ್ಕಳೆಲ್ಲ ಎದ್ದು ದೂರ ಹೋಗಿದ್ದವು, ಈ ಹುಡುಗಿ ಪಕ್ಕ ಬದಲಾಯಿಸಿ ಕೂತಿತ್ತು, ಅಷ್ಟೆ. ಇವಳ ಮೇಲೆ ಜಗಳಕ್ಕೆ ಬಂದೆನಲ್ಲ ಎಂದು ಚನ್ನಾಜಮ್ಮನಿಗೆ ನಾಚಿಕೆಯಾಯಿತು. ಬಿಂದುಶ್ರೀಯನ್ನು ಕರೆದು ಬಗ್ಗಿ ಮೂಸಿ ನೋಡಿದಳು. ಬಲಗಡೆ ಏನೂ ಇಲ್ಲ. ಎಡಮೂಗಿನ ಹತ್ತಿರ ಹೋದರೆ ತಲೆ ತಿರುಗುವ ವಾಸನೆ. ಮೂಗಿನ ಅಂಚಿನಲ್ಲಿ ಹಳದಿ ಸಿಂಬಳ ಒಣಗಿತ್ತು. ದಿನಾ ತಾನೇ ನೆಗಡಿ ಎಂದು ಸೆರಗಿನಿಂದ ಒರೆಸುತ್ತಿದ್ದುದೂ ಅದೇ ಎಡಗಡೆ. ಅರ್ಧ ಊರಿನ ಬೆಣ್ಣೆ ಮೂಸಿದ ಮೂಗು ಏಳು ವರ್ಷದ ಕೋಮಲಳ ಮುಂದೆ ಸೋತಿತ್ತು.

ಕ್ಯಾಲೆಂಡರಿನ ಹಿಂದಿನ ಚೀಟಿ ಈಚೆಗೆ ಬಂತು. ಮರುದಿನ ಶ್ವೇತ ಡೈರಿಗೆ ರಜೆ ಹಾಕಿದಳು, ಮೂವರೂ ನಂಜನಗೂಡಿಗೆ ಹೋದರು. ಮೂಗು-ಗಂಟಲಿನ ಡಾಕ್ಟರ್ ಜಗನ್ ಮೆಲುಮಾತಿನವರು. ಯಾವ ಕಡೆ ಎಂದು ಅವರು ಕೇಳುವ ಮೊದಲೇ ಚನ್ನಾಜಮ್ಮ ಎಡಗಡೆ ಎಂದಳು. ಅವರು ಹಣೆಗೆ ಲೈಟು ಕಟ್ಟಿಕೊಂಡು ನೋಡಿ, ಕೂಸನ್ನು ಶ್ವೇತಳ ತೊಡೆಯ ಮೇಲೆ ಭದ್ರವಾಗಿ ಕೂರಿಸಿ, ಸ್ಕೂಲಿನಲ್ಲಿ ಯಾರು ನಿನ್ನ ಫ್ರೆಂಡು ಎಂದು ಕೇಳುತ್ತ ಕೇಳುತ್ತಲೇ ತುದಿ ಬಗ್ಗಿದ ಸಣ್ಣ ಕಡ್ಡಿ ಹಾಕಿ ಎಳೆದರು. ಬೂದುಬಣ್ಣದ ಒಂದು ಮುದ್ದೆ ಬಂತು. ಇಡೀ ಕೋಣೆ ನಾತ ಹೊಡೆಯಿತು. ಡಾಕ್ಟರು ಅದನ್ನು ಬಟ್ಟೆಯ ಮೇಲಿಟ್ಟು ಬಿಡಿಸಿ, ಹತ್ತಿ ಎಂದರು.

ಮಕ್ಕಳು ಮೂಗಿಗೆ ಏನೇನೋ ತುರುಕಿಕೊಳ್ಳುತ್ತವೆ, ಕಡಲೆಕಾಳು, ಮಣಿ, ರಬ್ಬರಿನ ಚೂರು. ಅದು ಒಳಗೇ ಕೊಳೆತು ಉಸಿರೆಲ್ಲ ನಾರುತ್ತದೆ, ಮನೆಯವರು ಬಾಯಿ ತೊಳೆಸುತ್ತ ಕೂರುತ್ತಾರೆ. ಒಂದೇ ಕಡೆ ಮೂಗು ಸುರಿದು ವಾಸನೆ ಬಂದರೆ ಮೊದಲು ಇದನ್ನೇ ಅನುಮಾನಿಸಬೇಕು, ಆದರೆ ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗಬಾರದು, ಇನ್ನೂ ಒಳಕ್ಕೆ ಹೋಗುತ್ತದೆ ಎಂದು ಅವರು ಹೇಳಿದರು. ಐದು ದಿನಕ್ಕೆ ಔಷಧಿ ಬರೆದರು. ಇನ್ನು ವಾಸನೆ ಇರುವುದಿಲ್ಲ ಎಂದು ಕೂಸಿನ ತಲೆ ಸವರಿದರು.

ಚನ್ನಾಜಮ್ಮ ಆ ಹತ್ತಿಯನ್ನೇ ನೋಡುತ್ತಿದ್ದಳು. ಕೆಳಗೆ ಗುಂಡಗೆ, ಮೇಲೆ ಚೂಪಗೆ. ಮೂರು ತಿಂಗಳಿಂದ ದಿನಾ ನೂರುಗಟ್ಟಲೆ ಹೊಸೆದ ಕೈಗೆ ತನ್ನ ಬತ್ತಿ ಗೊತ್ತಾಗದೆ ಇರುತ್ತದೆಯೇ. ಶ್ವೇತಳಿಗೂ ಗೊತ್ತಾಯಿತು. ಹೊರಗೆ ಬಂದ ಮೇಲೆ ಅವಳು, ಅತ್ತೆಯ ಮುಖ ನೋಡದೆ, ಇನ್ನು ಬತ್ತಿ ಹೊಸೆಯುವಾಗ ಕೂಸನ್ನು ಹತ್ತಿರ ಕೂರಿಸಿಕೊಳ್ಳಬೇಡಿ ಎಂದು ಹೇಳಿ ಔಷಧಿ ತರಲು ಹೋದಳು. ನ್ಯಾಯವಾದ ಮಾತು. ಆ ಒಂದು ಗಂಟೆಯೂ ಕೈ ಬಿಟ್ಟುಹೋಯಿತಲ್ಲ ಎಂದು ಚನ್ನಾಜಮ್ಮ ಔಷಧಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತುಬಿಟ್ಟಳು. ಕೂಸು ಪಕ್ಕದಲ್ಲಿ ಕಾಲಾಡಿಸುತ್ತ ಕೂತಿತು.

"ಯಾಕ್ ಮಗ ಮೂಗಿಗೆ ಬತ್ತಿ ಇಟ್ಕೊಂಡೆ? ಆಟಕ್ಕಾ?"

ಬಿಂದುಶ್ರೀ ಇಲ್ಲ ಎಂದು ತಲೆಯಾಡಿಸಿದಳು.

"ಬೈಯಕಿಲ್ಲ ಅನ್ನು."

"ಬೈಯಕಿಲ್ಲ ಕಣ."

"ಆಣೆ ಮಾಡು."

ಚನ್ನಾಜಮ್ಮ ಕೊರಳಿನ ಲಿಂಗವಸ್ತ್ರ ಮುಟ್ಟಿದಳು. ಕೂಸು ಮೊಣಕಾಲೂರಿ ಎದ್ದು ಅವಳ ಕಿವಿಗೆ ಬಾಯಿಟ್ಟಿತು.

"ನಿನ್ ಬಾಯಿ ವಾಸ್ನೆ ಬತ್ತದೆ ಅಜ್ಜಿ. ತೊಡೆ ಮೇಲೆ ಕೂತ್ರೆ ಬತ್ತದೆ. ಅದ್ಕೆ ಎರಡು ಬತ್ತಿ ಇಟ್ಕತಿದ್ದೆ. ಕತೆ ಮುಗಿದ್ಮೇಲೆ ತಗದ್ಬುಡ್ತಿದ್ದೆ. ಒಂದು ಒಳಕ್ಕೋಗ್ಬುಡ್ತು."

ಚನ್ನಾಜಮ್ಮನ ನಾಲಿಗೆ ತಾನಾಗಿಯೇ ಎಡದವಡೆಗೆ ಹೋಯಿತು. ಬೆಳಿಗ್ಗೆ ಒತ್ತಿದ ಕಡ್ಡಿಪುಡಿ ಅಲ್ಲೇ ಇತ್ತು.

"ಎದ್ದು ದೂರ ಕೂತ್ಕಬೋದಿತ್ತಲ್ಲ ಮಗ."

"ದೂರ ಕೂತ್ರೆ ನಿಂಗೆ ಬೇಜಾರಾಗಾಕಿಲ್ವಾ," ಎಂದಳು ಬಿಂದುಶ್ರೀ.

ಚನ್ನಾಜಮ್ಮ ಅಳುವ ಪೈಕಿಯಲ್ಲ. ಗಂಡ ಗಂಗಾಧರಸ್ವಾಮಿ ತೀರಿಕೊಂಡಾಗಲೂ ಬಂದವರಿಗೆ ಊಟಕ್ಕಿಕ್ಕಿ ಆಮೇಲೆ ಅತ್ತವಳು. ಅಂಥವಳು ಔಷಧಿ ಅಂಗಡಿಯ ಪಕ್ಕ, ಓಡಾಡುವ ಜನದ ಎದುರಿಗೆ, ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಚಿಕೆ ಎಷ್ಟಿತ್ತೋ ಸಂತೋಷವೂ ಅಷ್ಟೇ ಇತ್ತು. ಕೂಸು ಮೂಗು ಮುಚ್ಚಿಕೊಂಡಿತ್ತು, ತೊಡೆ ಬಿಟ್ಟು ಎದ್ದಿರಲಿಲ್ಲ. ತನ್ನ ದೆಸೆಯಿಂದ ಸ್ಕೂಲಿನಲ್ಲಿ ಒಂಟಿಯಾಗಿ ಕೂತು, ಲವಂಗ ಅಗಿದು, ನಾಲಿಗೆ ಉಜ್ಜಿಸಿಕೊಂಡು, ಒಂದು ಮಾತೂ ಹೇಳಿರಲಿಲ್ಲ. ಇಷ್ಟು ಮರ್ಯಾದೆಯನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ.

ಶ್ವೇತ ಔಷಧಿ ಹಿಡಿದು ಬಂದಾಗ ಚನ್ನಾಜಮ್ಮ ಸೊಂಟದ ಸಂಚಿ ಬಿಚ್ಚಿ ಸೊಸೆಯ ಕೈಗಿಟ್ಟಳು. ಶ್ವೇತ ಏನೆಂದು ತಿಳಿಯದೆ ನೋಡಿದಳು.

"ತಪ್ಪು ಬತ್ತೀದಲ್ಲ ಕಣವ್ವ, ನನ್ನ ಬಾಯ್ದು," ಎಂದಳು ಚನ್ನಾಜಮ್ಮ. "ದಸರಾದಿಂದ ಒಂದು ಹಲ್ಲು ಕೊಳೀತದೆ. ನಾಳೆ ನನ್ನ ನರಸೀಪುರಕ್ಕೆ ಕರ್ಕೊಂಡೋಗು. ನಾನು ಬ್ಯಾಡ ಅಂದ್ರೂ ಕರ್ಕೊಂಡೋಗು."

ಮದುವೆಯಾಗಿ ಹತ್ತು ವರ್ಷದಲ್ಲಿ ಅತ್ತೆ ತಪ್ಪು ಒಪ್ಪಿಕೊಂಡದ್ದನ್ನು ಶ್ವೇತ ಕಂಡದ್ದು ಅದೇ ಮೊದಲು. ಸಂಚಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಮಾರನೆಯ ದಿನ ಹಲ್ಲು ಕಿತ್ತದ್ದು ಹತ್ತು ನಿಮಿಷದ ಕೆಲಸ. ಅದಕ್ಕೆ ಮುಂಚೆ ಅವಳನ್ನು ಕುರ್ಚಿಗೆ ಹತ್ತಿಸಿದ್ದು ಮುಕ್ಕಾಲು ಗಂಟೆಯ ಕೆಲಸ. ಕೆಳಗೆ ಅಂಗಡಿಯಲ್ಲಿದ್ದ ನಂಜೇಶನೂ ಮೇಲೆ ಬರಬೇಕಾಯಿತು. ಕಡ್ಡಿಪುಡಿ ಬಿಟ್ಟದ್ದು ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಹದಿನೈದು ದಿನ ಅವಳು ಕಂಡಕಂಡವರ ಮೇಲೆ ಹರಿಹಾಯ್ದಳು. ಸಾರಿಗೆ ಉಪ್ಪಿಲ್ಲ ಎಂದಳು, ಮರುದಿನ ಅದೇ ಸಾರು ಉಪ್ಪುಪ್ಪು ಎಂದಳು. ರಾಚಮ್ಮ ಹತ್ತು ದಿನ ಈ ಕಡೆ ತಲೆ ಹಾಕಲಿಲ್ಲ. ಎರಡು ಸಲ ಸಂಚಿ ಕೊಡು ಎಂದು ಸೊಸೆಯ ಹಿಂದೆ ತಿರುಗಿ, ಕೇಳಿದ್ದಕ್ಕೆ ತಾನೇ ನಾಚಿ ಹಿಂದಿರುಗಿದಳು. ಶ್ವೇತ ಅದರಲ್ಲಿ ಸೋಂಪು ತುಂಬಿಟ್ಟಿದ್ದಳು. ಮೂರನೆಯ ಸಲ ಕೇಳಿದಾಗ ಅದನ್ನೇ ಕೊಟ್ಟಳು. ಚನ್ನಾಜಮ್ಮ ಗೊಣಗುತ್ತಲೇ ತಿಂದಳು.

ಈ ನಡುವೆ ಬಿಂದುಶ್ರೀ ಮುಂದಿನ ಬೆಂಚಿಗೆ ಬಂದಳು. ಮನೆಯಲ್ಲಿ ಮತ್ತೆ ವಟವಟ ಶುರುವಾಯಿತು. ಈಗ ಸಂಜೆ ಜಗಲಿಗೆ ಕೋಮಲಳೂ ಬರುತ್ತಿದ್ದಳು. ಇನ್ನೂ ಹದಿನೆಂಟು ಸಾವಿರ ಬತ್ತಿ ಬಾಕಿ ಇತ್ತು, ಎಣಿಸಲು ಒಂದು ಕೈ ಹೆಚ್ಚಿದ್ದರೆ ಒಳ್ಳೆಯದೇ ಎಂದು ಚನ್ನಾಜಮ್ಮನೇ ಕೆಳಗಿನ ಬೀದಿಗೆ ಹೋಗಿ ಚಲುವಮ್ಮನನ್ನು ಕೇಳಿ ಬಂದಿದ್ದಳು. ಕೋಮಲ ಬಂದರೆ ಈಗಲೂ ಬಿಂದುಶ್ರೀಯ ಬಲಗಡೆಗೇ ಕೂರುತ್ತಿದ್ದಳು, ಅಭ್ಯಾಸ. ಆದರೆ ಕೂಸು ತೊಡೆಯ ಮೇಲೆ ಕೂರುತ್ತಿರಲಿಲ್ಲ. ಅಮ್ಮ ಬೇಡ ಎಂದಿದ್ದಾಳೆ ಎಂದು ಒಂದು ಮೊಳ ದೂರ, ಡಬ್ಬದ ಆಚೆ ಕೂರುತ್ತಿದ್ದಳು. ಬಾ ಎಂದು ಕರೆಯಲು ಚನ್ನಾಜಮ್ಮನಿಗೆ ಬಾಯಿ ಬರಲಿಲ್ಲ.

ಶಿವರಾತ್ರಿಗೆ ನಾಲ್ಕು ದಿನ ಇರುವಾಗ, ಸಂಜೆ, ಡೈರಿಯಿಂದ ಬಂದ ಶ್ವೇತ ಜಗಲಿಯಲ್ಲಿ ನಿಂತು ಇದನ್ನು ನೋಡಿದಳು. ಚಪ್ಪಲಿ ಬಿಡುತ್ತ, ಯಾಕೆ ಅಷ್ಟು ದೂರ ಕೂತಿದ್ದೀಯಾ, ಅಜ್ಜಿಯ ಹತ್ತಿರ ಹೋಗು ಎಂದು ಮಗಳಿಗೆ ಹೇಳಿ ಒಳಗೆ ಹೋದಳು.

ಬಿಂದುಶ್ರೀ ಎದ್ದು ಬಂದಳು. ತಕ್ಷಣ ಕೂರಲಿಲ್ಲ. ಅಜ್ಜಿಯ ಗಲ್ಲ ಹಿಡಿದು ಮುಖ ಎತ್ತಿದಳು.

"ಆ ಅನ್ನು ಅಜ್ಜಿ."

ಚನ್ನಾಜಮ್ಮ ಬತ್ತಿ ಕೆಳಗಿಟ್ಟು, ಹಲ್ಲಿಲ್ಲದ ಎಡದವಡೆಯೂ ಕಾಣುವ ಹಾಗೆ ಬಾಯಿ ತೆರೆದಳು. ಕೂಸು ಎರಡೂ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡಿತು. ಕಣ್ಣು ಕಿರಿದು ಮಾಡಿ ಸ್ವಲ್ಪ ಯೋಚಿಸಿತು. ಬೆಣ್ಣೆ ಮೂಸಿದಾಗ ಚನ್ನಾಜಮ್ಮ ಮಾಡುತ್ತಿದ್ದ ಹಾಗೆಯೇ ಒಂದು ಸಲ ತಲೆಯಾಡಿಸಿತು. ಆಮೇಲೆ ತಿರುಗಿ ತೊಡೆಯ ಮೇಲೆ ಕೂತು, ಬೆನ್ನು ಒರಗಿಸಿ, ಕತೆ ಮೊನ್ನೆ ಎಲ್ಲಿಗೆ ನಿಂತಿತ್ತು ಎಂದು ಅಜ್ಜಿಗೆ ನೆನಪು ಮಾಡಿಕೊಟ್ಟಿತು.